ಮಳೆಗಾಲದ ತುರ್ತಿಗೆ ಚರ್ಚ್ ಸಂಸ್ಥೆಗಳ ನೆರವು: ಚಹಾ ಡ್ರಮ್ಮಿಗೆ ಪೂರ್ಣ ಅಂಕ, ಹಳೆ ಬಟ್ಟೆಗೆ ಸೊನ್ನೆ

ತುಂಗೆ ಉಕ್ಕಿದಾಗ, ಘಾಟಿಯಲ್ಲಿ ಧರೆ ಜರಿದಾಗ, ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಶಿವಮೊಗ್ಗ ಸೀಮೆಯಲ್ಲಿ ಕ್ರೈಸ್ತ ಸೇವಾ ಸಂಸ್ಥೆಗಳು ಕೊಡುವ ನೆರವಿನ ವಿಮರ್ಶೆ ಇದು. ಯಾವುದೇ ಒಂದು ಸಂಸ್ಥೆಯ ಹೆಸರು ಹಿಡಿದು ಅಂಕ ಹಾಕುತ್ತಿಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರ, ಭದ್ರಾವತಿ, ಎಲ್ಲೇ ಆದರೂ ಈ ಕೆಲಸದ ಮಾದರಿ ಹೆಚ್ಚುಕಡಿಮೆ ಒಂದೇ: ರಕ್ಷಣಾ ಸಿಬ್ಬಂದಿಗೆ ಚಹಾ-ತಿಂಡಿ, ಮನೆ ಬಿಟ್ಟು ಬಂದವರಿಗೆ ಶಾಲೆಯ ಹಾಲ್, ದಿನಸಿ ಕಿಟ್, ಸಮಾಧಾನದ ಮಾತು, ಆಮೇಲೆ ಪರಿಹಾರದ ಅರ್ಜಿಗೆ ಸಹಾಯ. ಈ ಐದರಲ್ಲಿ ಮೊದಲನೆಯದೂ ಕೊನೆಯದೂ ತುಂಬ ಚೆನ್ನಾಗಿವೆ. ನಡುವಿನದ್ದರಲ್ಲಿ ಲೆಕ್ಕ ತಪ್ಪುತ್ತದೆ. ತಪ್ಪುವುದು ಮನಸ್ಸಿಲ್ಲದೆ ಅಲ್ಲ, ಗುಣಾಕಾರ ಮಾಡದೆ.

ಈ ಸೇವೆ ಇವತ್ತು ನಿನ್ನೆಯದಲ್ಲ. 1865ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಮತ್ತು ಕ್ಯಾಥರೀನ್ ಬೂತ್ ಶುರು ಮಾಡಿದ ಸಾಲ್ವೇಷನ್ ಆರ್ಮಿ 1882ರಲ್ಲೇ ಭಾರತಕ್ಕೆ ಬಂತು. 1900ರಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್ ಊರನ್ನು ಚಂಡಮಾರುತ ಕೊಚ್ಚಿಕೊಂಡು ಹೋದಾಗ ಅದರ ಜನ ಅಲ್ಲಿಗೆ ಹೋದರು. ಅಲ್ಲಿಂದ ಮುಂದೆ ಅಪಘಾತದ ಜಾಗಕ್ಕೆ ಅಡುಗೆಮನೆಯನ್ನೇ ಗಾಡಿಯಲ್ಲಿ ಒಯ್ಯುವುದು ಆ ಸಂಸ್ಥೆಯ ಗುರುತಾಯಿತು. ನಮ್ಮಲ್ಲಿ ಕಥೋಲಿಕರ ಕಡೆಯಿಂದ ಕಾರಿತಾಸ್ ಇಂಡಿಯಾ 1962ರಿಂದ ಇದೆ. ಶಿವಮೊಗ್ಗ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಬೇರೆಯಾದದ್ದು 1988ರಲ್ಲಿ, ಭದ್ರಾವತಿಯ ಸಿರೋ ಮಲಬಾರ್ ಪಂಥದ ಧರ್ಮಪ್ರಾಂತ್ಯ 2007ರಲ್ಲಿ. ಮಲೆನಾಡಿನಲ್ಲಿ ಇವರಿಗಿರುವ ನಿಜವಾದ ಬಂಡವಾಳ ದುಡ್ಡಲ್ಲ. ಎತ್ತರದ ಜಾಗದಲ್ಲಿ ಕಟ್ಟಿದ ಶಾಲೆ, ಮದುವೆ ಊಟಕ್ಕೆ ಅಂತ ಇಟ್ಟುಕೊಂಡ ದೊಡ್ಡ ಪಾತ್ರೆ, ನರ್ಸಿಂಗ್ ಕಲಿತ ಸಿಸ್ಟರ್‌ಗಳು, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ ಅಂತ ಗೊತ್ತಿರುವ ಫಾದರ್: ಇವೇ ಬಂಡವಾಳ.

ಮೊದಲು ಚಹಾ. ತಮಾಷೆಗೆ ಹೇಳುತ್ತಿಲ್ಲ.

ರಕ್ಷಣಾ ಸಿಬ್ಬಂದಿ ಅಂದ ತಕ್ಷಣ ನೆನಪಾಗುವುದು ಅಗ್ನಿಶಾಮಕ ದಳ, ಎನ್‌ಡಿಆರ್‌ಎಫ್ (ಕೇಂದ್ರದ ವಿಪತ್ತು ಪಡೆ), ಪೊಲೀಸರು. ಅವರಿಗೆ ಹೇಗೋ ಊಟದ ವ್ಯವಸ್ಥೆ ಇರುತ್ತದೆ, ತಡವಾದರೂ ಬರುತ್ತದೆ. ಯಾರ ಪಟ್ಟಿಯಲ್ಲೂ ಇಲ್ಲದವರು ಬೇರೆ: ಬಿದ್ದ ಕಂಬದ ಹತ್ತಿರ ಮಳೆಯಲ್ಲಿ ನಿಂತಿರುವ ಮೆಸ್ಕಾಂ ಲೈನ್‌ಮನ್, ದಿನದ ಬಾಡಿಗೆಗೆ ಬಂದ ಜೆಸಿಬಿ ಡ್ರೈವರ್, ಚರಂಡಿ ಬಿಡಿಸುವ ಪೌರಕಾರ್ಮಿಕರು, ಗೃಹರಕ್ಷಕ ದಳದವರು, ಅರಣ್ಯ ಇಲಾಖೆಯ ವಾಚರ್, ದೋಣಿ ತಂದ ಮೀನುಗಾರ. ಒಳ್ಳೆಯ ಕ್ಯಾಂಟೀನು ಗಾಡಿ ನಿಲ್ಲಿಸಿದ ಕೂಡಲೇ ತಲೆ ಎಣಿಸುವುದು ಇವರದ್ದು. ಸಮವಸ್ತ್ರ ನೋಡಿ ಲೋಟ ಕೊಡುವ ಕ್ಯಾಂಟೀನಿಗೆ ಒಂದು ಅಂಕ ಕಡಿಮೆ ಹಾಕಿ.

ನೂರು ಜನಕ್ಕೆ ನೂರು ಮಿಲಿಯ ಲೋಟದಂತೆ ಹತ್ತು ಲೀಟರ್ ಚಹಾ ಬೇಕು. ಹಾಲು 5 ಲೀಟರ್, ನೀರು 6 ಲೀಟರ್ (ಒಂದು ಲೀಟರ್ ಆವಿಗೆ), ಚಹಾಪುಡಿ ಕಾಲು ಕೆ.ಜಿ., ಸಕ್ಕರೆ ಒಂದು ಕೆ.ಜಿ. ಶುಂಠಿ ಹಾಕುವುದಾದರೆ ಮೊದಲು ನೀರಿನಲ್ಲಿ ಜಜ್ಜಿ ಹಾಕಿ ಚೆನ್ನಾಗಿ ಕುದಿಸಿ, ಆಮೇಲೆ ಹಾಲು. ಹಸಿ ಶುಂಠಿ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಐದು ಲೀಟರ್ ಒಡೆದ ಹಾಲು ಕೈಯಲ್ಲಿ ಹಿಡಿದು ರಾತ್ರಿ ಎರಡು ಗಂಟೆಗೆ ಮತ್ತೆ ಹಾಲು ಹುಡುಕುವುದು ಕಷ್ಟ. ನಡುರಾತ್ರಿ ಕಳೆದ ಮೇಲೆ ಚಹಾಕ್ಕಿಂತ ಜೀರಿಗೆ-ಕೊತ್ತಂಬರಿ ಕಷಾಯ ಒಳ್ಳೆಯದು. ಪುಡಿ ಮಾಡಿಟ್ಟುಕೊಂಡರೆ ಕೆಡುವುದಿಲ್ಲ, ಪಾಳಿ ಮುಗಿಸಿ ಮಲಗಬೇಕಾದವರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಡ್ರಮ್ಮಿನ ವಿಷಯಕ್ಕೆ ಬರೋಣ. ನಲ್ಲಿ ಇರುವ, ಎರಡು ಪದರದ ಸ್ಟೀಲ್ ಡ್ರಮ್ಮು ಬೇಕು. ಅದನ್ನು ಮೇಜಿನ ಮೇಲೆ, ನಲ್ಲಿಯ ಕೆಳಗೆ ಲೋಟ ಸಲೀಸಾಗಿ ಹಿಡಿಯುವಷ್ಟು ಎತ್ತರಕ್ಕೆ ಇಡಬೇಕು. ನೆಲದ ಮೇಲಿಟ್ಟರೆ ಬಗ್ಗಿ ತುಂಬಿಸಿಕೊಳ್ಳಬೇಕು. ಮಂಡಿಮಟ್ಟದ ಕೆಸರಲ್ಲಿ ಎಂಟು ಗಂಟೆ ನಿಂತವರ ಸೊಂಟ ಬಗ್ಗುವುದಿಲ್ಲ, ಹಾಗಾಗಿ ಅವರು ಚಹಾ ಬೇಡ ಅಂತ ಮುಂದೆ ಹೋಗುತ್ತಾರೆ. ಇಂಥದ್ದನ್ನು ಗಮನಿಸಿ ಮೇಜು ತರುವ ತಂಡ ಈ ಕೆಲಸ ಬಲ್ಲ ತಂಡ. ಕೈ ತೊಳೆಯಲು ನಲ್ಲಿ ಇರುವ ಇನ್ನೊಂದು ಕ್ಯಾನ್ ಮತ್ತು ಸೋಪು ಪಕ್ಕದಲ್ಲೇ ಇರಬೇಕು. ಪ್ರವಾಹದ ಕೆಸರು ಅಂದರೆ ಚರಂಡಿಯ ಕೆಸರೇ.

ತಿಂಡಿ ಒಂದು ಕೈಯಲ್ಲಿ ತಿನ್ನುವಂತಿರಬೇಕು. ಲೈನ್‌ಮನ್ ಗ್ಲೌಸ್ ಬಿಚ್ಚಿ ತಟ್ಟೆ ಹಿಡಿದು ಅನ್ನ ಕಲಸಿಕೊಂಡು ಕೂರುವುದಿಲ್ಲ. ಚಪಾತಿಯೊಳಗೆ ಒಣ ಪಲ್ಯ ಸುತ್ತಿ ಬಾಳೆಲೆಯಲ್ಲಿ ಕಟ್ಟಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಬಾಳೆಹಣ್ಣು, ಕಡಲೆ ಚಿಕ್ಕಿ, ಬೇಯಿಸಿದ ಮೊಟ್ಟೆ ಜೊತೆಗಿರಲಿ. ಕೂತು ತಿನ್ನುವವರಿಗೆ ಉಪ್ಪಿಟ್ಟು ಆಗುತ್ತದೆ, ನೂರು ಜನಕ್ಕೆ 7 ಕೆ.ಜಿ. ರವೆ ಸಾಕು. ಅನ್ನ-ಸಾಂಬಾರಾದರೆ ಅಕ್ಕಿ 12 ಕೆ.ಜಿ., ತೊಗರಿಬೇಳೆ ಎರಡೂವರೆಯಿಂದ ಮೂರು ಕೆ.ಜಿ.

ಕೆಡುವುದು ಎಲ್ಲಿ ಅಂದರೆ ಪೊಟ್ಟಣದಲ್ಲಿ. ಬಿಸಿ ಅನ್ನವನ್ನು ಹಾಗೇ ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕುತ್ತಾರೆ. ಹಬೆ ಒಳಗೇ ನೀರಾಗುತ್ತದೆ, ಮೂರು ನಾಲ್ಕು ಗಂಟೆಯಲ್ಲಿ ಅನ್ನ ಅಂಟಂಟಾಗಿ ಹುಳಿ ವಾಸನೆ ಬರುತ್ತದೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನವನ್ನು ಶುಭ್ರ ಬಟ್ಟೆಯ ಮೇಲೆ ಹರಡಿ ಹಬೆ ಬಿಟ್ಟ ಮೇಲೆ ಬಾಳೆಲೆಗೋ ಅಡಿಕೆ ಹಾಳೆಯ ದೊನ್ನೆಗೋ ಹಾಕಬೇಕು, ನ್ಯೂಸ್ ಪೇಪರಿಗೆ ಅಲ್ಲ. ಪೊಟ್ಟಣದ ಮೇಲೆ ಅಡುಗೆ ಇಳಿಸಿದ ಹೊತ್ತು ಬರೆಯಬೇಕು. ಎರಡು ಗಂಟೆಯೊಳಗೆ ತಿಂದರೆ ಚಿಂತೆ ಇಲ್ಲ, ನಾಲ್ಕು ಗಂಟೆ ದಾಟಿದರೆ ಎಸೆಯುವುದು. ದೂರ ಒಯ್ಯುವುದಿದ್ದರೆ ಪುಳಿಯೋಗರೆ ಅಥವಾ ನಿಂಬೆ ಚಿತ್ರಾನ್ನ, ಎರಡಕ್ಕೂ ತೆಂಗಿನತುರಿ ಬೇಡ. ಕಾಯಿ ಚಟ್ನಿಯನ್ನಂತೂ ಪೊಟ್ಟಣದ ಜೊತೆ ಕಳಿಸಲೇಬಾರದು. ಮೊಸರನ್ನ ಬಡಿಸುವವರ ಪ್ರೀತಿ ದೊಡ್ಡದು, ಆದರೆ ಮಳೆಯಲ್ಲಿ ಆರು ಗಂಟೆ ಸುತ್ತಿದ ಮೊಸರನ್ನ ಯಾರಿಗೂ ಬೇಡ.

ಗಾಡಿ ಎಲ್ಲಿ ನಿಲ್ಲಬೇಕು ಅನ್ನುವುದು ಅಡುಗೆಯಷ್ಟೇ ಮುಖ್ಯ. ಧರೆ ಕುಸಿದ ಘಾಟಿ ತಿರುವಿನಲ್ಲಿ, ಅದೇ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕೊಡುವುದನ್ನು ಇವತ್ತಿಗೂ ಕಾಣಬಹುದು. ಒಮ್ಮೆ ಜರಿದ ಧರೆ ಮಳೆ ನಿಲ್ಲುವ ತನಕ ಮತ್ತೆ ಜರಿಯಬಹುದು. ಮೇಲಿನ ಇಳಿಜಾರಿನಿಂದ ದೂರ, ಮರದ ಕೆಳಗಲ್ಲದ, ಆಂಬುಲೆನ್ಸ್ ಹೋಗುವ ದಾರಿಗೆ ಅಡ್ಡವಾಗದ ಜಾಗ ಬೇಕು. ಸ್ಥಳದ ಅಧಿಕಾರಿಯನ್ನು ಕೇಳದೆ ನಿಲ್ಲಿಸಬಾರದು. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕ್ವಾರಿ ಬಳಿ ಸ್ಫೋಟವಾಯಿತಲ್ಲ, ಅಂಥ ಕಡೆ ಸಿಡಿಯದೆ ಉಳಿದ ಸ್ಫೋಟಕ ಎಲ್ಲಿದೆಯೋ ಹೇಳಲಾಗದು. ಪೊಲೀಸರು ಕಟ್ಟಿದ ಹಗ್ಗದ ಒಳಗೆ ಗ್ಯಾಸ್ ಒಲೆ ಹೊತ್ತಿಸುವ ಮಾತೇ ಇಲ್ಲ. ಒಲೆಯ ಮಾತು ಬಂತು: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. 19 ಕೆ.ಜಿ. ಸಿಲಿಂಡರನ್ನು ಬಾಗಿಲು ಮುಚ್ಚಿದ ವ್ಯಾನಿನೊಳಗೆ ಇಟ್ಟು ಟಾರ್ಪಾಲಿನ್ ಇಳಿಬಿಟ್ಟು ಅಡುಗೆ ಮಾಡುವುದು ನಿಲ್ಲಬೇಕು. ಟಾರ್ಪಾಲಿನ್ ತಲೆಯ ಮೇಲಿರಲಿ, ಗಾಳಿ ಬೀಸುವ ಕಡೆ ಮಾತ್ರ ತಗಡಿನ ಮರೆ ಸಾಕು.

ಇಷ್ಟೆಲ್ಲ ದೂರಿದರೂ ಈ ಭಾಗಕ್ಕೆ ಐದಕ್ಕೆ ಐದೇ. ಕಾರಣ, ಕರೆದವರು ಯಾರೂ ಇಲ್ಲದಾಗಲೂ ಬರುತ್ತಾರೆ, ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ಬರುತ್ತಾರೆ, ಫೋಟೋ ತೆಗೆಸಿಕೊಂಡು ಮಾಯವಾಗುವುದಿಲ್ಲ. ಚಹಾದ ಜೊತೆ ಒಣ ಕಾಲುಚೀಲ, ಟವೆಲ್, ಇಂಬಳಕ್ಕೆ (ಜಿಗಣೆಗೆ) ಹಚ್ಚಲು ಉಪ್ಪಿನ ಪೊಟ್ಟಣ ಕೊಡುವ ತಂಡಗಳೂ ಇವೆ. ಕಾಡಿನಲ್ಲಿ ಕಾಣೆಯಾದವರನ್ನು ಹುಡುಕಲು ಹೋಗುವವರಿಗೆ ಆ ಉಪ್ಪು ಬಿಸ್ಕತ್ತಿಗಿಂತ ದೊಡ್ಡದು.

ಬೇಸಿಗೆಯ ಕಾಡ್ಗಿಚ್ಚಿನಲ್ಲಿ ಲೆಕ್ಕ ಬೇರೆ. ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವವರಿಗೆ ಬಿಸಿಲು ಮತ್ತು ಬೆಂಕಿಯ ಎರಡು ಕಾವು. ಬಾಯಾರುವ ತನಕ ಕಾಯದೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಲೀಟರ್ ನೀರು ಕುಡಿಸಬೇಕು. ಅಂದರೆ ತಾಸಿಗೆ ತಲೆಗೆ ಮುಕ್ಕಾಲರಿಂದ ಒಂದು ಲೀಟರ್. ಇಪ್ಪತ್ತು ಜನರ ತಂಡ ನಾಲ್ಕು ತಾಸು ಕೆಲಸ ಮಾಡಿದರೆ 60ರಿಂದ 80 ಲೀಟರ್. ಎರಡು ಕೇಸ್ ಬಾಟಲಿ ಹಿಡಿದು ಹೋಗುವ ತಂಡಗಳು ಮೊದಲ ತಾಸಿಗೇ ಖಾಲಿ. ಉಪ್ಪು ಹಾಕಿದ ನೀರುಮಜ್ಜಿಗೆ, ಓಆರ್‌ಎಸ್ ಪೊಟ್ಟಣ ಒಳ್ಳೆಯದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟವಾಗಿ. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಳತೆ ಬೇಡ.

ಇನ್ನು ಕಾಳಜಿ ಕೇಂದ್ರ. ಹಿಂದೆ ಗಂಜಿ ಕೇಂದ್ರ ಅನ್ನುತ್ತಿದ್ದೆವು, ಈಗ ಸರ್ಕಾರ ಈ ಹೆಸರಿಟ್ಟಿದೆ. ಕೇಂದ್ರ ತೆರೆಯುವ ಅಧಿಕಾರ ಜಿಲ್ಲಾಡಳಿತದ್ದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ತಾಲ್ಲೂಕಿನಲ್ಲಿ ಕೆಲಸ ನೋಡಿಕೊಳ್ಳುವವರು ತಹಶೀಲ್ದಾರ್. ಚರ್ಚಿನವರು ಮಾಡುವುದು ಹಾಲ್ ಬಿಟ್ಟುಕೊಡುವುದು, ಅಡುಗೆ ವಹಿಸಿಕೊಳ್ಳುವುದು. ಇದರಲ್ಲಿ ವೇಗಕ್ಕೆ ಪೂರ್ಣ ಅಂಕ. ಶಿವಮೊಗ್ಗಕ್ಕೆ ಆ ವೇಗ ಬೇಕೇ ಬೇಕು. ಲಿಂಗನಮಕ್ಕಿಯದು 151 ಟಿಎಂಸಿ, ಭದ್ರಾ ಜಲಾಶಯದ್ದು 71 ಟಿಎಂಸಿ ದಾಟುತ್ತದೆ, ಅವು ತುಂಬಲು ವಾರಗಟ್ಟಲೆ ಬೇಕು. ಗಾಜನೂರಿನ ತುಂಗಾ ಜಲಾಶಯದ್ದು ಬರೀ 3.24 ಟಿಎಂಸಿ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದು ನೇರವಾಗಿ ಗೇಟಿನಿಂದ ಕೆಳಗೆ ಬರುತ್ತದೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತು ಅನ್ನುವ ಸುದ್ದಿ ಬರುವಾಗ ಕುಂಬಾರಗುಂಡಿ, ಸೀಗೆಹಟ್ಟಿ ಕಡೆಯ ತಗ್ಗು ಬೀದಿಗಳ ಜನ ಸಾಮಾನು ಕಟ್ಟುತ್ತಿರುತ್ತಾರೆ. 2019ರ ಆಗಸ್ಟಿನಲ್ಲಿ ಊರಿಗೆ ಊರೇ ನೋಡಿದ್ದು ಇದನ್ನೇ. ಹವಾಮಾನ ಇಲಾಖೆ 24 ತಾಸಿನಲ್ಲಿ 115.6 ಮಿ.ಮೀ. ದಾಟುವುದನ್ನು ಅತಿ ಭಾರಿ, 204.4 ಮಿ.ಮೀ. ದಾಟುವುದನ್ನು ಅತ್ಯಂತ ಭಾರಿ ಮಳೆ ಅನ್ನುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೇಲೆ ಸುರಿಯುವ ಆಗುಂಬೆ ಪಕ್ಕದಲ್ಲಿ ಇವು ಹೊಸ ಸಂಖ್ಯೆಗಳಲ್ಲ. ಕಿತ್ತಳೆ ಎಚ್ಚರಿಕೆ ಬಂದ ದಿನವೇ ಹಾಲ್ ಗುಡಿಸಿ, ಟ್ಯಾಂಕ್ ತುಂಬಿಸಿ, ಸೌದೆಯನ್ನೋ ಸಿಲಿಂಡರನ್ನೋ ಒಳಗಿಟ್ಟುಕೊಳ್ಳುವ ಸಂಸ್ಥೆಗೂ ಕೆಂಪು ಬಂದ ಮೇಲೆ ಬೀಗದ ಕೈ ಹುಡುಕುವ ಸಂಸ್ಥೆಗೂ ಬಹಳ ವ್ಯತ್ಯಾಸ.

ಆದರೆ ಎಷ್ಟು ಜನಕ್ಕೆ ಜಾಗ? ಇಲ್ಲೇ ಎಲ್ಲರೂ ಎಡವುತ್ತಾರೆ. ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಒಬ್ಬರಿಗೆ ಮೂರೂವರೆ ಚದರ ಮೀಟರ್ ಮುಚ್ಚಿಗೆಯ ಜಾಗ ಬೇಕು. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲದ ತರಗತಿ ಕೋಣೆ ಸುಮಾರು 37 ಚದರ ಮೀಟರ್, ಅಂದರೆ ಹತ್ತು ಜನಕ್ಕೆ. ಅದರಲ್ಲಿ ಮೂವತ್ತು ಜನ ಮಲಗಿರುತ್ತಾರೆ. ಮೊದಲ ರಾತ್ರಿ ಅನಿವಾರ್ಯ, ಒಪ್ಪೋಣ. ಮೂರನೇ ದಿನಕ್ಕೂ ಹಾಗೇ ಇದ್ದರೆ ಕೆಮ್ಮು, ಕಜ್ಜಿ, ಜಗಳ ಶುರು. ಡೆಸ್ಕು ಬೆಂಚುಗಳನ್ನು ಒಂದು ಕೋಣೆಗೆ ಪೇರಿಸಿ ಉಳಿದವನ್ನು ಖಾಲಿ ಮಾಡಿದರೆ ಜಾಗ ಅರ್ಧ ಹೆಚ್ಚುತ್ತದೆ, ಆದರೆ ಆ ಕೆಲಸಕ್ಕೆ ಆಳು ಇಟ್ಟುಕೊಂಡಿರುವುದಿಲ್ಲ.

ಶೌಚಾಲಯ ಶುರುವಿನಲ್ಲಿ ಐವತ್ತು ಜನಕ್ಕೊಂದು, ಆಮೇಲೆ ಇಪ್ಪತ್ತಕ್ಕೊಂದು; ಗಂಡಸರಿಗೊಂದಾದರೆ ಹೆಂಗಸರಿಗೆ ಮೂರು. ಶಾಲೆಗಳಲ್ಲಿ ಸಾಲು ಶೌಚಾಲಯ ಇರುವುದು ಇವರ ಅದೃಷ್ಟ. ಇಲ್ಲದ್ದು ಒಳಗಿನ ಚಿಲಕ ಮತ್ತು ದೀಪ. ನೂರು ರೂಪಾಯಿಯ ಚಿಲಕ, ಒಂದು ಚಾರ್ಜಿಂಗ್ ಲೈಟ್ ಇಲ್ಲ ಅಂತ ಹೆಣ್ಣುಮಕ್ಕಳು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ದಿನಕ್ಕೆ ತಲೆಗೆ ಕನಿಷ್ಠ 15 ಲೀಟರ್. ಇನ್ನೂರು ಜನರಿದ್ದರೆ ಮೂರು ಸಾವಿರ ಲೀಟರ್. ಶಾಲೆಯ ಸಾವಿರ ಲೀಟರಿನ ಟ್ಯಾಂಕನ್ನು ದಿನಕ್ಕೆ ಮೂರು ಸಲ ತುಂಬಿಸಬೇಕು, ಕರೆಂಟಿಲ್ಲದೆ ಪಂಪು ತಿರುಗುವುದಿಲ್ಲ. ಜನರೇಟರ್ ಇದ್ದರೆ ಪಂಪಿಗೆ ಮೊದಲು, ಮೈಕ್ ಸೆಟ್ಟಿಗೆ ಆಮೇಲೆ. ಜನರೇಟರನ್ನು ವರಾಂಡದಲ್ಲಿ ಕಿಟಕಿಯ ಪಕ್ಕ ಇಡುವ ಅಭ್ಯಾಸ ಅಪಾಯ, ಹೊಗೆಯ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಈ ಕೇಂದ್ರಗಳಲ್ಲಿ ಕೊಡುವ ಊಟ ಒಳ್ಳೆಯದು. ತೀರ್ಥಹಳ್ಳಿ ಕಡೆಯವರಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕೊಟ್ಟರೆ ಪಾಯಸ ಕೊಟ್ಟಷ್ಟು ಖುಷಿ, ಜ್ವರ ಬಂದವರಿಗೂ ಆಗುತ್ತದೆ. ಎಲ್ಲರೂ ತಿನ್ನುವ ಸಸ್ಯಾಹಾರ ಮಾಡುವುದು ಸರಿಯಾದ ನಿರ್ಧಾರ. ಬೇರೆಯವರ ಕೈ ಅಡುಗೆ ಅಂತ ಹಿಂಜರಿಯುವ ಹಿರಿಯರು ಪ್ರತಿ ಕೇಂದ್ರದಲ್ಲೂ ಇಬ್ಬರು ಮೂವರು ಇರುತ್ತಾರೆ. ಅವರಿಗೆ ಉಪದೇಶ ಮಾಡದೆ ಕೇಂದ್ರದಲ್ಲಿರುವ ಹೆಂಗಸರನ್ನೇ ಅಡುಗೆಗೆ ಕರೆದುಕೊಳ್ಳುವ ಸಿಸ್ಟರ್‌ಗಳ ಉಪಾಯ ಸುಲಭ, ಫಲಿಸುವಂಥದ್ದು. “ಅಮ್ಮಾ, ಸಾರಿಗೆ ಉಪ್ಪು ನೋಡಿ ಬನ್ನಿ” ಅಂತ ಕರೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ, ಸುಮ್ಮನೆ ಕೂತು ಕೊರಗುವವರ ಕೈಗೂ ಕೆಲಸ ಸಿಗುತ್ತದೆ.

ದಿನಸಿ ಕಿಟ್ಟಿಗೆ ಐದಕ್ಕೆ ಎರಡು. ಐದು ಕೆ.ಜಿ. ಅಕ್ಕಿ, ಅರ್ಧ ಕೆ.ಜಿ. ಬೇಳೆ, ಅರ್ಧ ಲೀಟರ್ ಎಣ್ಣೆ, ಒಂದು ಬ್ಯಾನರ್: ಸಾಮಾನ್ಯವಾಗಿ ಕಾಣುವ ಕಿಟ್ ಇದು. ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ ಅನ್ನುವುದು ತುರ್ತು ಕಾಲದ ಲೆಕ್ಕ. 400 ಗ್ರಾಂ ಅಕ್ಕಿ, 60 ಗ್ರಾಂ ಬೇಳೆ, 30 ಮಿಲಿ ಎಣ್ಣೆ, 30 ಗ್ರಾಂ ಬೆಲ್ಲ ಸೇರಿದರೆ ಅದರ ಹತ್ತಿರ ಬರುತ್ತದೆ. ಐದು ಜನರ ಮನೆಗೆ ಒಂದು ವಾರಕ್ಕೆ ಅಕ್ಕಿ 14 ಕೆ.ಜಿ., ಬೇಳೆ 2 ಕೆ.ಜಿ., ಎಣ್ಣೆ ಒಂದು ಲೀಟರ್, ಬೆಲ್ಲ ಒಂದು ಕೆ.ಜಿ. ಬೇಕು. ಐದು ಕೆ.ಜಿ. ಅಕ್ಕಿ ಎರಡೂವರೆ ದಿನಕ್ಕೆ ಮುಗಿಯಿತು. ಇನ್ನೂರು ಮನೆಗೆ ಅರೆಬರೆ ಕೊಡುವುದಕ್ಕಿಂತ ನಿಜವಾಗಿ ನೀರು ನುಗ್ಗಿದ ಎಪ್ಪತ್ತು ಮನೆಗೆ ಒಂದು ವಾರದ್ದು ಕೊಟ್ಟರೆ ಉಪಯೋಗ ಹೆಚ್ಚು, ಬೈಗುಳವೂ ಹೆಚ್ಚು. ಬೈಗುಳಕ್ಕೆ ಹೆದರುವ ಸಮಿತಿಗಳು ಮೊದಲನೆಯದನ್ನೇ ಆರಿಸುತ್ತವೆ. ಒಲೆ ನೆನೆದ ಮನೆಗೆ ಮೊದಲ ಎರಡು ದಿನ ಅಕ್ಕಿಯೂ ಉಪಯೋಗವಿಲ್ಲ. ಅವಲಕ್ಕಿ, ಮಂಡಕ್ಕಿ, ಬೆಲ್ಲ, ಹುರಿಗಡಲೆ ಕೊಡಿ, ಬೇಯಿಸುವ ಗೋಜಿಲ್ಲ.

ಕಿಟ್ಟಿನಲ್ಲಿ ಹೆಚ್ಚಾಗಿ ಮರೆತುಹೋಗುವುದು ಮುಚ್ಚಳವಿರುವ ಎರಡು ಬಕೆಟ್ಟು ಅಥವಾ ಕ್ಯಾನು, ಒಂದು ತರಲು, ಒಂದು ಕುಡಿಯುವ ನೀರಿಡಲು. ಸೋಪು ತಲೆಗೆ ತಿಂಗಳಿಗೆ 250 ಗ್ರಾಂ, ಬಟ್ಟೆ ಸೋಪು 200 ಗ್ರಾಂ. ಸ್ಯಾನಿಟರಿ ಪ್ಯಾಡು, ಒಳ ಉಡುಪು, ನೈಟಿ, ಲುಂಗಿ, ಕಂಬಳಿ. ಇವೆಲ್ಲ ಹೊಸದೇ ಆಗಬೇಕು.

ಹಳೆ ಬಟ್ಟೆಯ ಬಗ್ಗೆ ಎರಡೇ ಮಾತು. ಗೋಣಿಚೀಲದಲ್ಲಿ ತುಂಬಿ ಬಂದ ಹಳೆ ಬಟ್ಟೆ ಆಶ್ಲೇಷ ಮಳೆಯಲ್ಲಿ ಎರಡು ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಒಣಗಿಸಲು ಬಿಸಿಲಿಲ್ಲ, ವಿಂಗಡಿಸಲು ಜನವಿಲ್ಲ, ಕೊನೆಗೆ ಕೇಂದ್ರದ ಒಂದು ಕೋಣೆಯನ್ನೇ ನುಂಗುತ್ತದೆ. ದಾನಿಗಳಿಗೆ ಬೇಸರವಾಗಬಾರದು ಅಂತ ಬೇಡ ಅನ್ನದೆ ತೆಗೆದುಕೊಳ್ಳುವುದು ಈ ಸಂಸ್ಥೆಗಳ ದೌರ್ಬಲ್ಯ. ಗೇಟಿನಲ್ಲೇ ಬೋರ್ಡ್ ಹಾಕಿ ಬೇಡ ಅನ್ನಬೇಕು.

ಬಾವಿ ಶುದ್ಧ ಮಾಡಿಕೊಡುವ ಕೆಲಸವನ್ನು ಕೆಲವು ತಂಡಗಳು ಮಾತ್ರ ಮಾಡುತ್ತವೆ, ಮಾಡುವವರು ಚೆನ್ನಾಗಿ ಮಾಡುತ್ತಾರೆ. ಎರಡು ಮೀಟರ್ ವ್ಯಾಸ, ಮೂರು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 9,400 ಲೀಟರ್ ಇರುತ್ತದೆ. ಮಾಮೂಲಿ ದಿನಗಳಲ್ಲಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಅಂದರೆ 24 ಗ್ರಾಂ. ಪ್ರವಾಹದ ನೀರು ನುಗ್ಗಿದ ಬಾವಿಗೆ ಇದು ಸಾಲದು, ಕೆಸರೇ ಕ್ಲೋರಿನನ್ನು ತಿಂದುಹಾಕುತ್ತದೆ. ಮೊದಲು ನೀರು ಎತ್ತಿ ಹಾಕಿ, ಆಮೇಲೆ ಹಾಕಿದ ಪೌಡರಿನಿಂದ ಅರ್ಧ ತಾಸಿನ ಮೇಲೂ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿದೆಯೇ ಅಂತ ಕ್ಲೋರೋಸ್ಕೋಪ್ ಎಂಬ ಪರೀಕ್ಷೆಯ ಕಿಟ್ಟಿನಲ್ಲಿ ನೋಡಬೇಕು, ಉಳಿಯುವ ತನಕ ಪ್ರಮಾಣ ಏರಿಸಬೇಕು. ಪೌಡರನ್ನು ನೇರ ಬಾವಿಗೆ ಸುರಿಯುವುದು ತಪ್ಪು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಕೂತ ಮೇಲೆ ತಿಳಿಯನ್ನಷ್ಟೇ ಇಳಿಸಬೇಕು, ಸಂಜೆ ಹಾಕಿದರೆ ಬೆಳಗಾಗುವ ತನಕ ಸೇದಬಾರದು. ಬಾಯಿ ಬಿಚ್ಚಿಟ್ಟ ಹಳೆ ಚೀಲದ ಪೌಡರಿಗೆ ವಾಸನೆ ಮಾತ್ರ ಉಳಿದಿರುತ್ತದೆ, ಶಕ್ತಿ ಇರುವುದಿಲ್ಲ. ಕೆಸರು ಬಾಚುವವರಿಗೆ ಗಂಬೂಟು, ಗಾಯಕ್ಕೆ ಪಟ್ಟಿ, ಇಲಿಜ್ವರದ ಮಾತ್ರೆಗೆ ವೈದ್ಯರ ಸಲಹೆ: ಇದನ್ನು ನರ್ಸಿಂಗ್ ಸಿಸ್ಟರ್‌ಗಳು ನೆನಪಿಟ್ಟುಕೊಂಡು ಮಾಡುತ್ತಾರೆ.

ಮಂಗನ ಕಾಯಿಲೆ ಪ್ರವಾಹದಂತೆ ಸದ್ದು ಮಾಡಿ ಬರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ 2018-19ರಲ್ಲಿ ಸಾಗರದ ಅರಳಗೋಡನ್ನು ನಡುಗಿಸಿತು. ಅಂಥ ಹೊತ್ತಿನಲ್ಲಿ ರೋಗ ಹರಡುವ ಉಣ್ಣೆ ಕಚ್ಚದಂತೆ ತಡೆಯುವ ಆರೋಗ್ಯ ಇಲಾಖೆಯ ಡೇಪಾ ಎಣ್ಣೆಯನ್ನು ಮನೆಮನೆಗೆ ಮುಟ್ಟಿಸುವುದು, ದರಕು (ಒಣ ಎಲೆ) ತರಲು ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಸುವುದು, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮೀಯಲು ಹೇಳುವುದು, ಇದಕ್ಕೆ ಪ್ರತಿ ಮನೆ ಗೊತ್ತಿರುವವರೇ ಬೇಕು. ರೋಗಿಯನ್ನು ಮಣಿಪಾಲಕ್ಕೆ ಕಳಿಸಿದರೆ ಜೊತೆಗೆ ಹೋದವರಿಗೆ ಅಲ್ಲಿ ಉಳಿಯಲು ಜಾಗ, ಎರಡು ಹೊತ್ತಿನ ಊಟ ಬೇಕು. ಊರೂರಲ್ಲಿ ಕಾನ್ವೆಂಟ್ ಇರುವ ಸಂಸ್ಥೆಗೆ ಇದು ಒಂದು ಫೋನಿನ ಕೆಲಸ, ಕೇಳಿದರೆ ಮಾಡುತ್ತಾರೆ. ಕೇಳಬಹುದು ಅಂತ ಜನಕ್ಕೆ ಗೊತ್ತಿಲ್ಲ.

ಸಮಾಧಾನ ಹೇಳುವ ಸೇವೆಗೆ ಮಿಶ್ರ ಅಂಕ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೊಟ್ಟ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರೇ ಹೆಜ್ಜೆ: ನೋಡು, ಕೇಳು, ಜೋಡಿಸು. ಯಾರು ಊಟ ಬಿಟ್ಟಿದ್ದಾರೆ, ಯಾರು ಒಂಟಿಯಾಗಿದ್ದಾರೆ ನೋಡುವುದು, ಅವರಾಗಿ ಹೇಳಿದ್ದನ್ನು ಕೇಳುವುದು, ಕಳೆದುಹೋದ ಮಗನಿಗೋ ಡಾಕ್ಟರಿಗೋ ಜೋಡಿಸುವುದು. ನಮ್ಮಲ್ಲಿ ಉತ್ಸಾಹದ ಸ್ವಯಂಸೇವಕರು “ಏನಾಯ್ತು ಹೇಳಿ, ಹೇಳಿದರೆ ಹಗುರವಾಗುತ್ತೆ” ಅಂತ ಶವ ತೆಗೆದ ಹುಡುಗನನ್ನು ಕೂರಿಸಿಕೊಂಡು ಕೆದಕುತ್ತಾರೆ. ಆಗಷ್ಟೇ ಕಂಡದ್ದನ್ನು ಬಲವಂತವಾಗಿ ಬಾಯಿಬಿಡಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅನ್ನುತ್ತದೆ. ಹಳಬ ಫಾದರ್‌ಗಳು ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ, ಅದು ಸರಿ. ವಾರ ಕಳೆದರೂ ನಿದ್ದೆ ಬಾರದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎಲ್ಲರ ಮನಸ್ಸಿನಲ್ಲೂ ಇರುವ, ಯಾರೂ ಎದುರಿಗೆ ಕೇಳದ ಪ್ರಶ್ನೆ: ಇದು ಮತಾಂತರಕ್ಕೋ? 1994ರಲ್ಲಿ ರೆಡ್ ಕ್ರಾಸ್ ಮತ್ತು ಕಾರಿತಾಸ್, ಲೂಥರನ್ ಒಕ್ಕೂಟ, ಚರ್ಚುಗಳ ವಿಶ್ವ ಮಂಡಳಿ ಮುಂತಾದವು ಸೇರಿ ಮಾಡಿಕೊಂಡ ನೀತಿ ಸಂಹಿತೆಯಲ್ಲಿ ನೆರವನ್ನು ಯಾವ ಧರ್ಮದ ನಿಲುವನ್ನೂ ಮುಂದೆ ಮಾಡಲು ಬಳಸುವುದಿಲ್ಲ ಅಂತ ಬರೆದಿದೆ. ಕಾಗದ ಬಿಡಿ, ಕೇಂದ್ರದಲ್ಲಿ ಏನು ನೋಡಬೇಕು ಅನ್ನುವುದಷ್ಟೇ ಮುಖ್ಯ. ಊಟದ ಸಾಲಿನಲ್ಲಿ ಪ್ರಾರ್ಥನೆ ಮಾಡಿಸುತ್ತಾರೆಯೇ? ಕಿಟ್ಟಿನೊಳಗೆ ಕರಪತ್ರ ಇದೆಯೇ? ಪಟ್ಟಿ ರೇಷನ್ ಕಾರ್ಡಿನಿಂದ ಬಂದದ್ದೋ, ಚರ್ಚಿನ ಸದಸ್ಯರ ಪುಸ್ತಕದಿಂದ ಬಂದದ್ದೋ? ನಮಾಜಿಗೆ, ಸಂಜೆಯ ದೀಪಕ್ಕೆ ಒಂದು ಮೂಲೆ ಬಿಟ್ಟಿದ್ದಾರೆಯೇ? ಬಹುಪಾಲು ಕಡೆ ಉತ್ತರ ನೆಮ್ಮದಿ ಕೊಡುವಂಥದ್ದು. ಗಾಡಿಯ ಮೇಲೆ ಶಿಲುಬೆ ಇರುವುದಕ್ಕೆ ತಕರಾರು ತೆಗೆಯುವವರು ದೇವಸ್ಥಾನದ ಟ್ರಸ್ಟಿನ ಗಾಡಿಯ ಮೇಲೆ ಗಣಪತಿ ಇರುವುದನ್ನೂ ನೋಡಲಿ. ತಪ್ಪುವುದು ಹೊರಗಿನಿಂದ ಒಂದು ದಿನಕ್ಕೆ ಅಂತ ಬರುವ ಸಣ್ಣ ಗುಂಪುಗಳು. ಅವರ ಪುಸ್ತಕದ ಕಟ್ಟನ್ನು ಗೇಟಿನಲ್ಲೇ ಇಳಿಸಿ ಕಳಿಸುವ ಧೈರ್ಯ ಎಲ್ಲ ಫಾದರ್‌ಗಳಿಗೂ ಇರುವುದಿಲ್ಲ.

ದುಡ್ಡು ಕೊಡುವವರಿಗೆ ಇಷ್ಟು ಸಾಕು. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಆ ದೇಣಿಗೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತದ ಖರ್ಚು ಶೇ. 20 ಮೀರುವಂತಿಲ್ಲ. ಹಾಗಾಗಿ ಸಣ್ಣ ಊರಿನ ಚರ್ಚ್ ಸಂಸ್ಥೆಗೆ ಹೊರದೇಶದ ದುಡ್ಡು ಹರಿದು ಬರುತ್ತದೆ ಅನ್ನುವುದು ಹಳೆ ಮಾತು. ಈಗ ನಡೆಯುವುದು ಊರಿನವರು ಕೊಡುವ ಐನೂರು, ಸಾವಿರ ರೂಪಾಯಿಗಳಲ್ಲಿ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಬೇಕಾದರೆ ಎರಡು ಸಾವಿರ ರೂಪಾಯಿ ದಾಟಿದ್ದನ್ನು ನಗದಾಗಿ ಕೊಡಬೇಡಿ, ರಸೀದಿ ಕೇಳಿ.

ಕೊನೆಯ ಸೇವೆ ಯಾರ ಕ್ಯಾಮೆರಾಕ್ಕೂ ಬೀಳುವುದಿಲ್ಲ. ನೀರು ಇಳಿದ ಮೇಲೆ ಕ್ಯಾಂಟೀನು ಹೋಗುತ್ತದೆ, ಎನ್‌ಡಿಆರ್‌ಎಫ್ ಹೋಗುತ್ತದೆ, ಗೋಡೆ ಬಿದ್ದ ಮನೆ ಉಳಿಯುತ್ತದೆ. ಕರ್ನಾಟಕದಲ್ಲಿ ಮನೆ ಹಾನಿಯನ್ನು ಮೂರು ದರ್ಜೆಗೆ ಹಾಕುತ್ತಾರೆ: ಶೇ. 75 ದಾಟಿದರೆ ಎ, 25ರಿಂದ 75 ಬಿ, 15ರಿಂದ 25 ಸಿ. ಪರಿಹಾರ ನಿಲ್ಲುವುದು ಆ ಒಂದು ಅಕ್ಷರದ ಮೇಲೆ. ಮಣ್ಣಿನ ಗೋಡೆ ಮಳೆ ಬಿದ್ದ ದಿನ ಬಿರುಕು ಬಿಟ್ಟು ಹತ್ತು ದಿನ ಕಳೆದು ಕುಸಿಯುತ್ತದೆ. ಮೊದಲ ದಿನ ಸಿ ಅಂತ ಬರೆದ ಮನೆ ಆಮೇಲೆ ಎ ಆಗಿರುತ್ತದೆ, ಆದರೆ ಕಾಗದದಲ್ಲಿ ಸಿ ಆಗಿಯೇ ಇರುತ್ತದೆ. ಇಲ್ಲಿ ಒಳ್ಳೆಯ ಸಂಸ್ಥೆಯ ಕಾರ್ಯಕರ್ತೆ ಮಾಡುವುದು ಹೀಗೆ: ಬಿರುಕು ಬಿಟ್ಟ ದಿನವೇ ನಾಲ್ಕು ಮೂಲೆಯ ಫೋಟೋ, ಒಂದರಲ್ಲಿ ಮನೆಯ ನಂಬರ್ ಕಾಣುವಂತೆ, ಪಹಣಿ ಅಥವಾ ಮನೆಯ ಖಾತೆ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟದ ನಕಲು, ಗ್ರಾಮ ಆಡಳಿತಾಧಿಕಾರಿ ಮಹಜರಿಗೆ ಬರುವ ದಿನ ಮನೆಯವರು ಕೂಲಿಗೆ ಹೋಗದೆ ಮನೆಯಲ್ಲೇ ಇರುವಂತೆ ಹಿಂದಿನ ಸಂಜೆ ಹೇಳಿ ಬರುವುದು, ಆ ದಿನದ ಕೂಲಿಯನ್ನೂ ಕೊಡುವುದು. ಗೋಡೆ ಆಮೇಲೆ ಬಿದ್ದರೆ ಹೊಸ ಫೋಟೋ ಇಟ್ಟು ತಹಶೀಲ್ದಾರ್ ಕಚೇರಿಗೆ ಮರುಪರಿಶೀಲನೆಯ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದು. ಖಾತೆಗೆ ಆಧಾರ್ ಜೋಡಣೆ ಆಗಿಲ್ಲದೆ ದುಡ್ಡು ವಾಪಸ್ ಹೋಗುವುದು ಮಾಮೂಲಿ, ಅದನ್ನು ಬ್ಯಾಂಕಿನಲ್ಲಿ ಮೊದಲೇ ನೋಡಿಸಿಕೊಂಡಿರಬೇಕು.

ಇದಕ್ಕೂ ಐದಕ್ಕೆ ಐದು. ತುರ್ತು ಇದ್ದಾಗ ಮೊದಲು 112ಕ್ಕೆ, ಜಿಲ್ಲಾ ನಿಯಂತ್ರಣ ಕೊಠಡಿಗೆ ಅಂದರೆ 1077ಕ್ಕೆ ಮಾಡಿ, ಆಮೇಲೆ ಚರ್ಚಿನ ಕಚೇರಿಗೆ. ಅಲ್ಲಿ ಫೋನ್ ಎತ್ತಿದವರಿಗೆ ಎಷ್ಟು ಜನ, ಅದರಲ್ಲಿ ಮಕ್ಕಳು ಎಷ್ಟು, ಕರೆಂಟ್ ಇದೆಯೋ ಇಲ್ಲವೋ, ಯಾವ ರಸ್ತೆ ತೆರೆದಿದೆ, ಕಾಲುಸಂಕ ಉಳಿದಿದೆಯೋ ಅಂತ ಮೊದಲೇ ಹೇಳಿ.